ಇಪ್ಪತ್ತೇಳನೇ ಚಿತ್ರದ ನಿಲುವಂಗಿ

ಬೆಳಗಿನ ಐದೂವರೆ. ಮ್ಯೂಸಿಯಂನ ಹಿಂಬಾಗಿಲಿನ ಕಾವಲುಗಾರ ಆಕಳಿಸುತ್ತಲೇ ಚಿಲಕ ತೆಗೆಯುತ್ತಾನೆ. ಒಳಗೆ ಬಂದ ಹೆಂಗಸು ಚಪ್ಪಲಿ ಕಳಚಿ, ದಪ್ಪ ಕಾಲುಚೀಲ ಏರಿಸಿಕೊಂಡು, ನೀಲಿ ಸಮವಸ್ತ್ರದ ತೋಳನ್ನು ಮೊಣಕೈವರೆಗೆ ಮಡಚುತ್ತಾಳೆ. ಬಲಗೈಯಲ್ಲಿ ಮೆತ್ತನೆ ಕೂದಲಿನ ಅಗಲ ಬ್ರಷ್ಷು, ಎಡಗೈಯಲ್ಲಿ ಟಾರ್ಚು, ಹೆಗಲ ಮೇಲೆ ಒಣ ಬಟ್ಟೆ. ಕಲ್ಲಿನ ಮೆಟ್ಟಿಲು ಹತ್ತಿ ಮೊದಲ ಮಹಡಿಯ ಉದ್ದನೆಯ ಹಾಲಿನ ಬಾಗಿಲು ತಳ್ಳಿದರೆ, ಅರಸರು, ರಾಣಿಯರು, ಸೇನಾಪತಿಗಳು, ನ್ಯಾಯಾಧೀಶರು ಎಲ್ಲರೂ ಕತ್ತಲಲ್ಲಿ ನಿಂತು ಅವಳಿಗಾಗಿಯೇ ಕಾಯುತ್ತಿರುವ ಹಾಗಿದೆ.

"ಎದ್ರಾ ಎಲ್ಲಾರೂ?" ಎಂದು ಕೇಳಿ ಅವಳು ಕೆಲಸ ಶುರು ಮಾಡುತ್ತಾಳೆ.

ಮ್ಯೂಸಿಯಂನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಧೂಳಕ್ಕ ಎಂದು. ಮೊದಮೊದಲು ಯಾರೋ ತಮಾಷೆಗೆ ಇಟ್ಟ ಹೆಸರು. ಈಗ ಹಾಜರಿ ಪುಸ್ತಕದಲ್ಲಿರುವ ಹೆಸರು ಕಾವಲುಗಾರನಿಗೂ ನೆನಪಿಲ್ಲ. ವಯಸ್ಸು ಐವತ್ತೆರಡು. ಈ ಹಾಲಿನ ಧೂಳು ಹೊಡೆಯಲು ಶುರು ಮಾಡಿ ಹತ್ತೊಂಬತ್ತು ವರ್ಷ. ಗೋಡೆಯ ಮೇಲಿನ ಚಿತ್ರಗಳು ಮೂವತ್ತನಾಲ್ಕು. ಒಂದೊಂದು ಚೌಕಟ್ಟಿಗೂ ನಾಲ್ಕು ನಿಮಿಷ, ಮೇಲಿನಿಂದ ಕೆಳಕ್ಕೆ. ಕೆತ್ತನೆಯ ಸಂದಿಗೆ ಬ್ರಷ್ಷಿನ ತುದಿ, ಸಪಾಟಾದ ಕಡೆ ಬಟ್ಟೆ. ನೀರು ಮುಟ್ಟಿಸುವ ಹಾಗಿಲ್ಲ. ಚಿತ್ರಕ್ಕಂತೂ ಉಸಿರೂ ತಾಗಬಾರದು. ಎರಡೂಕಾಲು ಗಂಟೆಯಲ್ಲಿ ಚೌಕಟ್ಟುಗಳು ಮುಗಿದರೆ ನೆಲ, ನೆಲವಾದ ಮೇಲೆ ಕಿಟಕಿ. ಹತ್ತು ಗಂಟೆಗೆ ಜನ ಬರುವಷ್ಟರಲ್ಲಿ ಅವಳು ಬಂದುಹೋದ ಗುರುತೇ ಅಲ್ಲಿರುವುದಿಲ್ಲ. ಗುರುತು ಉಳಿಯದಿದ್ದರೇ ಕೆಲಸ ಚೆನ್ನಾಗಿ ಆಗಿದೆ ಎಂದು ಅರ್ಥ.

ಸಿಬ್ಬಂದಿಯ ಬಾಯಲ್ಲಿ ಇದು 'ಪದವಿ ಹಾಲು'. ಯಾವ ಚಿತ್ರದ ಮುಂದೆ ನಿಂತರೂ ಯಾರಿಗೋ ಏನೋ ಸಿಗುತ್ತಿರುತ್ತದೆ. ಒಂದರಲ್ಲಿ ಅರಸ ಸೇನಾಪತಿಯ ಕೈಗೆ ಖಡ್ಗ ಕೊಡುತ್ತಿದ್ದಾನೆ. ಇನ್ನೊಂದರಲ್ಲಿ ರಾಣಿ ತನ್ನ ವೈದ್ಯನ ಬೆರಳಿಗೆ ಉಂಗುರ ತೊಡಿಸುತ್ತಿದ್ದಾಳೆ. ಮುದುಕ ನಾವಿಕನೊಬ್ಬನ ಎದೆಗೆ ಪದಕ ಚುಚ್ಚುವಾಗ ಅವನು ಉಸಿರು ಬಿಗಿಹಿಡಿದಿದ್ದಾನೆ. ಮುದ್ರೆ, ದಂಡ, ಸರಪಳಿ, ಪಟ್ಟಿ, ಪೇಟ ಹೀಗೆ ಕೊಡುವುದಕ್ಕೆ ಏನೆಲ್ಲ ಉಂಟೋ ಅಷ್ಟೂ ಇಲ್ಲಿದೆ.

"ಈ ಹಾಲಲ್ಲಿ ದಿನಾ ಯಾರ್ದೋ ಒಬ್ರದು ಕೆಲಸ ಖಾಯಂ ಆಗ್ತಾನೇ ಇರುತ್ತೆ" ಎನ್ನುತ್ತಾಳೆ ಧೂಳಕ್ಕ, ನಗು ತಡೆದುಕೊಂಡು. "ನಂದೊಂದು ಬಿಟ್ಟು."

ಗುತ್ತಿಗೆಯ ಕೆಲಸದವಳಾದ ಈಕೆಯ ಕಣ್ಣು ಎಂಥದು ಎಂಬುದು ಎರಡು ವರ್ಷದ ಹಿಂದಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ಆ ಕಣ್ಣು ತಯಾರಾದದ್ದು ಮ್ಯೂಸಿಯಂನಲ್ಲಲ್ಲ, ಹೊಲಿಗೆ ಅಂಗಡಿಯಲ್ಲಿ.

ಹದಿನಾಲ್ಕನೇ ವಯಸ್ಸಿಗೆ ಅವಳು ಸೋದರತ್ತೆಯ ಅಂಗಡಿಗೆ ಕೆಲಸಕ್ಕೆ ಸೇರಿದಳು. ನ್ಯಾಯಾಲಯದ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಎರಡು ಕೋಣೆ. ಅಂಗಿ ಪ್ಯಾಂಟು ಹೊಲಿಯುವ ಅಂಗಡಿ ಅಲ್ಲ ಅದು. ವಕೀಲರ ಗೌನು, ನ್ಯಾಯಾಧೀಶರ ಗೌನು, ಪದವಿ ಪಡೆಯುವ ವಿದ್ಯಾರ್ಥಿಗಳ ಗೌನು, ನಗರಾಧ್ಯಕ್ಷರ ಅಧಿಕಾರದ ನಿಲುವಂಗಿ, ಬ್ಯಾಂಡಿನವರ ಕೋಟು ಇಷ್ಟೇ. ಮೊದಲ ವರ್ಷವೆಲ್ಲ ಗುಂಡಿ ಮಾತ್ರ. ಎರಡನೇ ವರ್ಷ ಗುಂಡಿ ತೂರಿಸುವ ಕಾಜ. ತೋಳು ಕೂರಿಸಲು ಅತ್ತೆ ಬಿಟ್ಟಿದ್ದು ನಾಲ್ಕನೇ ವರ್ಷಕ್ಕೆ.

"ಅತ್ತೆ ಬಾಯಿ ಅಂದ್ರೆ ಕತ್ತರಿ" ಎಂದು ನೆನೆಯುತ್ತಾಳೆ. "ಒಂದು ಹೊಲಿಗೆ ಓರೆ ಆದ್ರೂ ಪೂರ್ತಿ ಬಿಚ್ಚಿಸ್ತಿದ್ರು. ಅತ್ಕೊಂಡೇ ಬಿಚ್ತಿದ್ದೆ. ಆದ್ರೆ ಗೌನು ತಗೊಂಡು ಹೋಗೋಕೆ ಜನ ಬರ್ತಾರಲ್ಲ, ಅವಾಗ ಕನ್ನಡಿ ಹತ್ರ ನಿಂತು ಹಾಕೋ ಕೆಲಸ ನಂದು. ಅದು ಮಾತ್ರ ಬಹಳ ಇಷ್ಟ ಆಗ್ತಿತ್ತು. ಅವರ ಮುಖ ನೋಡ್ಬೇಕಿತ್ತು ನೀವು."

ಅಂಗಡಿಯ ಹತ್ತೊಂಬತ್ತು ವರ್ಷಗಳಲ್ಲಿ ಅಂಥ ಎಷ್ಟು ಮುಖ ಕಂಡಿದ್ದಾಳೋ ಲೆಕ್ಕವಿಲ್ಲ. ಆಮೇಲೆ ಸಿದ್ಧ ಗೌನುಗಳು ಕಟ್ಟುಕಟ್ಟಾಗಿ ಪೇಟೆಗೆ ಬಂದವು. ಅಂಗಡಿಗೆ ಬರುತ್ತಿದ್ದವರು ವಾರಕ್ಕೆ ಇಬ್ಬರಾದರು, ತಿಂಗಳಿಗೆ ಒಬ್ಬರಾದರು. ರಸ್ತೆ ಅಗಲ ಮಾಡುವವರು ಬಂದು ಮೆಟ್ಟಿಲಿಗೇ ಸುಣ್ಣದ ಗೆರೆ ಎಳೆದ ದಿನ ಅತ್ತೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, "ಸಾಕು ನಡಿ" ಎಂದರು. ಅಷ್ಟೆ. ಮೂವತ್ತಮೂರನೇ ವಯಸ್ಸಿನಲ್ಲಿ ಸೂಜಿ ಕೆಳಗಿಟ್ಟ ಕೈ ಬ್ರಷ್ಷು ಹಿಡಿಯಿತು.

ಹಾಲಿನಲ್ಲಿ ಇಪ್ಪತ್ತೇಳನೇ ಚಿತ್ರದ ಹತ್ತಿರ ಬಂದಾಗಲೆಲ್ಲ ಆ ಕೈ ಸ್ವಲ್ಪ ನಿಧಾನವಾಗುತ್ತಿತ್ತು. ಎರಡಾಳು ಅಗಲದ, ಹಳೇ ವಾರ್ನಿಷ್ ಕಂದಿ ಕಂದು ಬಣ್ಣಕ್ಕೆ ತಿರುಗಿದ ಚಿತ್ರ ಅದು. ಎಡಕ್ಕೆ ಸಿಂಹಾಸನದಲ್ಲಿ ಅರಸ. ಪಕ್ಕದ ದಿಂಬಿನ ಮೇಲೆ ಮುದ್ರೆ. ನಡುವೆ ತಲೆ ತಗ್ಗಿಸಿ ನಿಂತ ನಡುವಯಸ್ಸಿನ ಮನುಷ್ಯ. ಅವನ ಹಿಂದೆ ಕೆಂಪು ನಿಲುವಂಗಿ ಹಿಡಿದ ಇಬ್ಬರು ಸೇವಕರು. ಒಂದು ತೋಳು ಮೈಮೇಲಿದೆ, ಇನ್ನೊಂದು ಜೋಲುಬಿದ್ದಿದೆ. ಆ ಬದಿಯ ಬಲಗೈ ಮುಷ್ಟಿ ಕಟ್ಟಿದೆ. ಕೆಳಗಿನ ಫಲಕದಲ್ಲಿ ನೂರು ವರ್ಷದಿಂದ ಇದ್ದ ಬರಹ ಹೀಗಿತ್ತು: "ಭ್ರಷ್ಟ ಅಧಿಕಾರಿಯ ಪದಚ್ಯುತಿ. ಅರಸನ ಎದುರಿನಲ್ಲೇ ಪದವಿಯ ನಿಲುವಂಗಿಯನ್ನು ಕಳಚಲಾಗುತ್ತಿದೆ. ಅವಮಾನದಿಂದ ಬಿಗಿದ ಮುಷ್ಟಿಯನ್ನು ಗಮನಿಸಿ."

ಶಾಲೆಯ ಮಕ್ಕಳು ಬಂದರೆ ಮಾರ್ಗದರ್ಶಿ ಮೊದಲು ಕರೆದೊಯ್ಯುತ್ತಿದ್ದುದು ಅಲ್ಲಿಗೇ. ಲಂಚ ತಿಂದರೆ ಏನಾಗುತ್ತದೆ ನೋಡಿ ಎಂದು ಅವನು ಕೋಲು ತೋರಿಸಿದರೆ ಮಕ್ಕಳು ಒಟ್ಟಾಗಿ 'ಹೋ' ಎಂದು ಕೂಗುತ್ತಿದ್ದರು. ಒಬ್ಬ ಹುಡುಗನಂತೂ ನಾಲಿಗೆ ಚಾಚಿದ್ದ.

"ಮೆಟ್ಟಿಲು ಒರೆಸ್ತಿದ್ದ ನಂಗೂ ಅದು ಕೇಳಿಸ್ತಿತ್ತು" ಎನ್ನುತ್ತಾಳೆ ಧೂಳಕ್ಕ. "ಕೆಲಸಕ್ಕೆ ಸೇರಿದ ಮೂರನೇ ವರ್ಷವೇ ಅನುಮಾನ ಬಂದಿತ್ತು, ಇದು ಹಂಗಲ್ಲ ಅಂತ. ನಮ್ಮಂಗಡಿ ಕನ್ನಡಿ ಮುಂದೆ ನಾನು ನೋಡಿದ್ ಮುಖ ಅದು. ಮೊದಲ್ನೇ ಸಲ ಗೌನು ಹಾಕ್ಕೊಳ್ಳೋರು ತಲೆ ತಗ್ಗಿಸ್ತಾರೆ. ನಾಚಿಕೆಗಲ್ಲ, ಕೈ ಎಲ್ಲಿ ಹೋಗ್ತಿದೆ ಅಂತ ನೋಡ್ಕೊಳ್ಳೋಕೆ!"

ಆದರೂ ಹದಿನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಯಾಕೆಂದು ಕೇಳಿದರೆ ಅವಳು ಬ್ರಷ್ಷಿನ ಕೂದಲು ನೇವರಿಸುತ್ತ ಹೇಳುವುದು ಒಂದೇ ಮಾತು: "ಯಾರು ಕೇಳಿದ್ರು?"

ಎರಡು ವರ್ಷದ ಹಿಂದೆ ಹಾಲಿನ ಚಿತ್ರಗಳನ್ನು ಹೊಸದಾಗಿ ಜೋಡಿಸುವ ಕೆಲಸ ಶುರುವಾಯಿತು. ನೇಮಕ, ಗೌರವ, ಬಿರುದುಗಳ ಚಿತ್ರಗಳಷ್ಟೇ ಇಲ್ಲಿರಲಿ, ಪದಚ್ಯುತಿಯ ಚಿತ್ರ ಸಾಲಿಗೆ ಹೊಂದುವುದಿಲ್ಲ, ಮೇಲಾಗಿ ಮಂಕು ಹಿಡಿದಿದೆ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಇಪ್ಪತ್ತೇಳನೆಯದು ನೆಲಮಾಳಿಗೆಗೆ ಹೋಗಬೇಕು. ಆ ನೆಲಮಾಳಿಗೆಯ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತದೆ ಎಂಬುದು ಅದನ್ನು ಗುಡಿಸುವ ಧೂಳಕ್ಕನಿಗೆ ಗೊತ್ತು. ಅಲ್ಲಿಗೆ ಇಳಿದ ಚಿತ್ರ ಮತ್ತೆ ಮೇಲೆ ಬಂದದ್ದನ್ನು ಅವಳು ನೋಡಿರಲಿಲ್ಲ.

ಆ ಬೆಳಿಗ್ಗೆ ಇಬ್ಬರು ಕೆಲಸಗಾರರು ಕಟ್ಟುವ ಪಟ್ಟಿ, ಕಂಬಳಿ ಹಿಡಿದು ಬಂದರು. ಚಿತ್ರಗಳ ವಿಭಾಗದ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದಷ್ಟೇ ಕರೆಯುವವರು, ಕಾಗದ ಹಿಡಿದು ನಿಂತಿದ್ದರು. ಜೊತೆಗೆ ಸ್ವಚ್ಛತೆಯ ಗುತ್ತಿಗೆಯ ಮೇಲ್ವಿಚಾರಕ. ಕೆಲಸಗಾರರು ಚೌಕಟ್ಟಿಗೆ ಕೈ ಹಾಕಿದ್ದೇ ತಡ, ಧೂಳಕ್ಕ ಬಕೆಟ್ಟು ಬಿಟ್ಟು ಬಂದು ಚಿತ್ರದ ಮುಂದೆ ನಿಂತುಬಿಟ್ಟಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಆ ನಿಲುವಂಗಿ ಬಿಚ್ತಾ ಇಲ್ಲ. ಹಾಕ್ತಾ ಇದಾರೆ."

ಮೇಡಂ ಏನೆನ್ನುತ್ತಿದ್ದರೋ, ಅಷ್ಟರಲ್ಲಿ ಮೇಲ್ವಿಚಾರಕ ಮುಂದೆ ಬಂದ. "ಏಯ್, ಧೂಳು ಹೊಡಿಯೋಕೆ ಬಂದವಳು ಧೂಳು ಹೊಡಿ. ದೊಡ್ಡದೊಡ್ಡವರು ಬರೆದಿಟ್ಟಿರೋದಕ್ಕೆ ಮೂಗು ತೂರಿಸ್ತೀಯಾ?"

ಚಿತ್ರ ಕೆಳಗಿಳಿಯಿತು. ಧೂಳಕ್ಕನೂ ಇಳಿದಳು. ಮಾರನೇ ದಿನದಿಂದ ಅವಳಿಗೆ ಹೊರಗಿನ ಅಂಗಳ, ವಾಹನ ನಿಲ್ಲಿಸುವ ಜಾಗ ಮತ್ತು ಹಿಂಬದಿಯ ಶೌಚಾಲಯ. ಇನ್ನೊಮ್ಮೆ ಬಾಯಿ ತೆರೆದರೆ ಗೇಟಿನಿಂದಾಚೆ ಎಂದು ಮೇಲ್ವಿಚಾರಕ ಹೇಳಿಯೇ ಕಳಿಸಿದ್ದ.

ಮನೆಯೆಂದರೆ ಎರಡನೇ ಮಹಡಿಯಲ್ಲಿ ಒಂದೂವರೆ ಕೋಣೆ. ಬೀಗ ರಿಪೇರಿ ಮಾಡುವ ಗಂಡ, ಎಂಬತ್ತಾರರ ಸೋದರತ್ತೆ, ಮೂಲೆಯಲ್ಲಿ ಬಟ್ಟೆ ಹೊದ್ದ ಹಳೇ ಹೊಲಿಗೆ ಯಂತ್ರ. ಆ ಸಂಜೆ ಅವಳು ಚೀಲವನ್ನು ಮೂಲೆಗೆ ಎಸೆದದ್ದು ನೋಡಿಯೇ ಅತ್ತೆಗೆ ಅರ್ಥವಾಯಿತು. ನಡೆದದ್ದನ್ನು ಕೇಳಿಸಿಕೊಂಡರು. ಪಾಪ ಎನ್ನಲಿಲ್ಲ.

"ಬೇಜಾರು ಆಮೇಲೆ ಮಾಡ್ಕೋ ಮಗಳೇ. ಮೊದ್ಲು ಹೇಳು, ನೀನು ಹೇಳಿದ್ದು ಸರೀನೋ ತಪ್ಪೋ?"

"ಸರಿ ಅಂತಾನೇ ಅನ್ಸುತ್ತೆ, ಅತ್ತೆ."

"ಅನ್ಸೋದೆಲ್ಲ ಹೊಲಿಗೇಲಿ ನಡಿಯಲ್ಲ. ಅಳತೆ ತಗೋ."

ಅಂಗಡಿ ಮುಚ್ಚಿದಾಗ ಯಾರೂ ಬಂದು ಒಯ್ಯದ ಒಂದು ಗೌನು ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ಹೊರತೆಗೆದು, ಆಗಷ್ಟೇ ಕೈ ತೊಳೆದು ಬಂದ ಗಂಡನನ್ನು ಅಡುಗೆಕಟ್ಟೆಯ ಮುಂದೆ ನಿಲ್ಲಿಸಿದಳು. ಉದ್ದ ತೋಳಿನ ಅಂಗಿಯ ಮೇಲೆ ಗೌನು ಹಾಕುವುದು, ತೆಗೆಯುವುದು. ಮತ್ತೆ ಹಾಕುವುದು, ಮತ್ತೆ ತೆಗೆಯುವುದು.

"ಏನೇ ಇದು, ನಾನೇನು ಮಂತ್ರಿನಾ?" ಎಂದ ಗಂಡ, ಆರನೇ ಸಲಕ್ಕೆ.

"ಇವತ್ತು ಹೌದು ರೀ. ಸುಮ್ನೆ ಕೈ ಹಾಕಿ."

"ಮಂತ್ರಿಗೆ ಒಂದು ಲೋಟ ಟೀ ಆದ್ರೂ ಕೊಡ್ತಾರೆ ಕಣೆ."

ಅತ್ತೆ ಮಂಚದ ಮೇಲಿಂದಲೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹಾಕಿಕೊಳ್ಳುವಾಗ ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಅವನ ಬೆರಳು ತಾನಾಗಿಯೇ ಒಳಗಿನ ಅಂಗಿಯ ತೋಳಿನಂಚನ್ನು ಹಿಡಿದು ಮುಷ್ಟಿ ಕಟ್ಟಿತು. ಇಲ್ಲದಿದ್ದರೆ ಒಳತೋಳು ಮೊಣಕೈಗೆ ಸೇರಿಕೊಳ್ಳುತ್ತದೆ. ತೆಗೆಯುವಾಗ ಒಂದು ಸಲವೂ ಹಿಡಿಯಲಿಲ್ಲ. ಅಂಗೈ ಬಿಚ್ಚಿಯೇ ಇತ್ತು.

"ಸರಿಯಾಗಿದೆ" ಎಂದರು ಅತ್ತೆ. ಅವರ ಬಾಯಿಂದ ಆ ಪದ ಕೇಳಲು ಅಂಗಡಿಯ ಕಾಲದಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. "ನಾಳೆ ಆ ಮೇಡಂಗೆ ಹೇಳು."

"ಹೇಳಿದ್ರೆ ಕೆಲಸ ಹೋಗುತ್ತೆ ಅತ್ತೆ."

"ಹಾಗಾದ್ರೆ ಹೇಳ್ಬೇಡ. ತೋರ್ಸು."

ಧೂಳಕ್ಕ ಮೂರು ವಾರ ಗೌನನ್ನು ಚೀಲದಲ್ಲಿ ಹೊತ್ತು ತಿರುಗಿದಳು. ದಿನಾ ಬೆಳಿಗ್ಗೆ ಮೇಡಂ ಕಾರು ಬಂದಾಗ ಇವತ್ತು ಎಂದುಕೊಳ್ಳುವುದು, ಕಾಲು ಏಳದೆ ಪೊರಕೆ ಹಿಡಿದು ನಿಂತುಬಿಡುವುದು. ಕೊನೆಗೊಂದು ಚಳಿಯ ಬೆಳಿಗ್ಗೆ ಮೇಡಂ ದಪ್ಪ ಸ್ವೆಟರ್ ತೊಟ್ಟು ಇಳಿದರು. ತೋಳು ಉದ್ದವಾಗಿತ್ತು. ಅದನ್ನು ನೋಡಿದ್ದೇ ಅವಳ ಕಾಲು ತಾನಾಗಿ ಮುಂದೆ ಹೋಯಿತು.

"ಮೇಡಂ, ಇದೊಂದು ಗೌನು ಹಾಕ್ಕೊಂಡು ನೋಡ್ತೀರಾ? ಒಂದೇ ನಿಮಿಷ."

"ಈಗಲಾ? ಯಾಕೆ? ಏನು ನೋಡಬೇಕು?"

"ಏನೂ ನೋಡ್ಬೇಡಿ ಮೇಡಂ. ಹಾಕ್ಕೊಳ್ಳಿ ಅಷ್ಟೇ."

ಮುಂದಿನದನ್ನು ಮೇಡಂ ಬಾಯಲ್ಲೇ ಕೇಳಬೇಕು. ಕಚೇರಿಯ ಕಿಟಕಿ ಪಕ್ಕ ಕುಳಿತು ಅವರು ಈಗಲೂ ಕೈ ಆಡಿಸಿ ತೋರಿಸುತ್ತಾರೆ. "ಇವರ ಮುಖ ನೋಡಿ ಇಲ್ಲ ಅನ್ನೋಕಾಗಲಿಲ್ಲ. ಫೈಲನ್ನ ಕಾರಿನ ಮೇಲಿಟ್ಟೆ. ಇವರು ಹಿಂದೆ ನಿಂತು ಗೌನು ಹಿಡಿದರು. ಒಂದು ತೋಳು ಹಾಕಿದೆ, ಇನ್ನೊಂದಕ್ಕೆ ಕೈ ಹಿಂದೆ ಚಾಚಿದೆ. ಹಾಗೇ ನಿಲ್ಲಿ ಮೇಡಂ ಅಂದ್ರು. ತಲೆ ಬಗ್ಗಿಸಿ ನೋಡ್ತೀನಿ, ನನ್ನ ಮುಷ್ಟಿ ಬಿಗಿದಿದೆ! ಸ್ವೆಟರಿನ ತೋಳು ಹಿಡ್ಕೊಂಡಿದೀನಿ. ನಾನು ಆ ಚಿತ್ರದ ಮನುಷ್ಯನ ಹಾಗೇ ನಿಂತಿದ್ದೆ, ಮುಷ್ಟಿ, ತಲೆ, ಎಲ್ಲ ಹಾಗೇ. ಚಿತ್ರಕಲೆ ಓದಿ ಇಪ್ಪತ್ತು ವರ್ಷ ಆಗಿತ್ತು ನನಗೆ. ಒಂದು ದಿನವೂ ಆ ಕೈಯನ್ನ ಕೈ ಅಂತ ನೋಡಿರಲಿಲ್ಲ. ಫಲಕ ಓದಿ ಅವಮಾನ ಅಂತಲೇ ನೋಡಿದ್ದೆ."

ಅವತ್ತೇ ಮಧ್ಯಾಹ್ನ ಇಬ್ಬರೂ ನೆಲಮಾಳಿಗೆಗೆ ಇಳಿದರು. ಕಂಬಳಿಯ ಒಂದು ಮೂಲೆಯಲ್ಲಿ ಆಗಲೇ ಬಿಳಿ ಬೂಷ್ಟು ಹಿಡಿದಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು ಧೂಳಕ್ಕ ನಿಲುವಂಗಿಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಮಸುಕಾಗಿದ್ದ ಗೆರೆಗಳನ್ನು ತೋರಿಸಿದಳು. "ಇದು ಮಡಿಕೆ ಗುರುತು ಮೇಡಂ. ಪೆಟ್ಟಿಗೆಯಿಂದ ಈಗ ತೆಗ್ದಿದಾರೆ. ಹಾಕ್ಕೊಂಡು ಓಡಾಡಿದ್ ಬಟ್ಟೆ ಆಗಿದ್ರೆ ಮೊಣಕೈ ಹತ್ರ, ಸೊಂಟದ ಹತ್ರ ಸುಕ್ಕಿರ್ಬೇಕಿತ್ತು. ಎಲ್ಲಿದೆ ಹೇಳಿ?"

ಚಿತ್ರವನ್ನು ದುರಸ್ತಿಗಾರನ ಕೋಣೆಗೆ ಸಾಗಿಸಲಾಯಿತು. ಹತ್ತಿ ಸುತ್ತಿದ ಕಡ್ಡಿಯಿಂದ ಕಾಸಗಲ ಕಾಸಗಲ ಜಾಗದ ಹಳೇ ವಾರ್ನಿಷ್ ಇಳಿಸುವ ಆ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಧೂಳಕ್ಕನಿಗೆ ಅನ್ನ ಸರಿಯಾಗಿ ಇಳಿಯಲಿಲ್ಲವಂತೆ. ತಪ್ಪಾಗಿದ್ದರೆ? ಅತ್ತೆಯ ಒಂದು ಮಾತು, ಒಂದು ಹಳೇ ಗೌನು ನಂಬಿ ಮೇಡಂ ಮರ್ಯಾದೆಯನ್ನೂ ಪಣಕ್ಕಿಟ್ಟ ಹಾಗಾಗಿತ್ತಲ್ಲ.

ಮೊದಲು ಬೆಳಕಿಗೆ ಬಂದದ್ದು ಮುಷ್ಟಿ. ಕಂದು ಪೊರೆ ಸರಿದಂತೆ ಎರಡು ಬೆರಳುಗಳ ನಡುವೆ ಬಿಳಿ ಅಂಗಿಯ ತೋಳಿನಂಚು ಸ್ಪಷ್ಟವಾಗಿ ಕಂಡಿತು. ಆಮೇಲೆ ಮಡಿಕೆಯ ಗೆರೆಗಳು. ನಿಲುವಂಗಿಯ ಕೆಳಗಿನ ಅಂಚಿನಲ್ಲಿ ಸಾಲಾಗಿ ಚಿಕ್ಕಚಿಕ್ಕ ಬಿಳಿ ಗೀರುಗಳಿದ್ದವು. ಹಳೇ ದಾಖಲೆಯಲ್ಲಿ ಅವನ್ನು 'ಬಣ್ಣ ಎದ್ದ ಗಾಯಗಳು' ಎಂದು ಬರೆಯಲಾಗಿತ್ತು. ದುರಸ್ತಿಗಾರ ಭೂತಗನ್ನಡಿ ಹಿಡಿದು ನೋಡಿ, ಇವು ಗಾಯಗಳಲ್ಲ, ಚಿತ್ರಕಾರನೇ ಬಿಡಿಸಿದ್ದು ಎಂದ. ಏನೆಂದು ಮಾತ್ರ ಅವನಿಗೂ ತಿಳಿಯಲಿಲ್ಲ. ಧೂಳಕ್ಕನನ್ನು ಕರೆಸಿದರು. ಅವಳು ನೋಡಿದ್ದೇ ಜೋರಾಗಿ ನಕ್ಕುಬಿಟ್ಟಳು.

"ಕಚ್ಚಾ ಹೊಲಿಗೆ! ಅಂಚು ನಿಲ್ಲಲಿ ಅಂತ ಮೊದ್ಲು ದೊಡ್ಡದಾಗಿ ದಾರ ಓಡಿಸ್ತೀವಿ, ಗಟ್ಟಿ ಹೊಲಿಗೆ ಆದ್ಮೇಲೆ ಕೀಳ್ತೀವಿ. ಪಾಪ, ದರ್ಜಿಗೆ ಕೀಳೋಕೂ ಪುರುಸೊತ್ತು ಸಿಕ್ಕಿಲ್ಲ. ಬೆಳಿಗ್ಗೆ ಅರಮನೆಯಿಂದ ಬಂದು ಬಾಗಿಲು ಬಡಿದಿರ್ತಾರೆ, ಆಯ್ತಾ ಆಯ್ತಾ ಅಂತ!"

ಬೇರೆ ಕಡೆಯ ಮೂವರು ತಜ್ಞರೂ ಬಂದು ನೋಡಿ ತಲೆದೂಗಿದರು. ಕೊನೆಗೆ ಮುಖದ ಭಾಗ ಶುಚಿಯಾದಾಗ, ತಗ್ಗಿಸಿದ ತಲೆಯ ಕೆಳಗೆ, ತುಟಿಯ ಒಂದು ಕೊನೆ ಮೇಲಕ್ಕೆ ಸರಿದದ್ದು ಕಾಣಿಸಿತು. ನಗಬಾರದ ಕಡೆ ನಗು ತಡೆದುಕೊಂಡವನ ತುಟಿ ಅದು.

ಇಪ್ಪತ್ತೇಳನೇ ಚಿತ್ರ ಈಗ ಹಾಲಿನ ನಡುಗೋಡೆಯಲ್ಲಿದೆ. ಫಲಕದಲ್ಲಿ "ಹೊಸ ಅಧಿಕಾರಿಗೆ ಪದವಿಯ ನಿಲುವಂಗಿ" ಎಂದಿದೆ. ಕೆಳಗೆ ಧೂಳಕ್ಕನ ಪೂರ್ತಿ ಹೆಸರು ಹಾಕುತ್ತೇವೆ ಎಂದು ಮೇಡಂ ಹೇಳಿದಾಗ ಅವಳು ಬೇಡವೇ ಬೇಡ ಎಂದಳಂತೆ. ಕೊನೆಗೆ ರಾಜಿಯಾಗಿ, "ಚಿತ್ರದ ನಿಜವಾದ ಅರ್ಥವನ್ನು ಗುರುತಿಸಿದವರು ಈ ಹಾಲಿನ ಸ್ವಚ್ಛತಾ ಸಿಬ್ಬಂದಿ" ಎಂಬ ಒಂದು ಸಾಲು ಸೇರಿತು. ಕಾವಲುಗಾರ ಬಂದವರಿಗೆಲ್ಲ ಆ ಸಾಲು ತೋರಿಸಿ, "ನಮ್ಮ ಧೂಳಕ್ಕ ಕಣ್ರೀ" ಎನ್ನದೆ ಬಿಡುವುದಿಲ್ಲ. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕರೆತಂದು ತೋರಿಸಿದ ದಿನ ಅವರು ಬಹಳ ಹೊತ್ತು ಕೆಂಪು ನಿಲುವಂಗಿಯನ್ನೇ ದಿಟ್ಟಿಸಿ, "ಕುತ್ತಿಗೆ ಪಟ್ಟಿ ಸ್ವಲ್ಪ ಬಿಗಿಯಾಯ್ತು" ಎಂದಷ್ಟೇ ಹೇಳಿದರು.

ಶಾಲೆಯ ಮಕ್ಕಳು ಈಗಲೂ ಬರುತ್ತಾರೆ. ಇವನಿಗೆ ಏನಾಗುತ್ತಿದೆ ಹೇಳಿ ಎಂದು ಮಾರ್ಗದರ್ಶಿ ಮೊದಲು ಅವರನ್ನೇ ಕೇಳುತ್ತಾನೆ. ಹೋದ ವಾರ ಎರಡು ಜಡೆಯ ಹುಡುಗಿಯೊಬ್ಬಳು ಅಂಚಿನ ದಾರ ಕಂಡು, "ಅಂಗಿ ಇನ್ನೂ ಪೂರ್ತಿ ಹೊಲ್ದೇ ಇಲ್ಲ!" ಎಂದು ಕೂಗಿದಾಗ, ಬಾಗಿಲಾಚೆಯ ಕಂಬದ ಹಿಂದೆ ಬಟ್ಟೆ ಹಿಂಡುತ್ತಿದ್ದ ಧೂಳಕ್ಕನ ಕಣ್ಣು ತುಂಬಿತು.

ಅವಳ ಕೆಲಸದ ಪಟ್ಟಿಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ಗುತ್ತಿಗೆ ಗುತ್ತಿಗೆಯಾಗಿಯೇ ಇದೆ. ಖಾಯಂ ಮಾಡಿ ಎಂದು ಮೇಡಂ ಬರೆದ ಎರಡನೇ ಪತ್ರಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. ಮೊದಲ ಪತ್ರಕ್ಕೆ ಅದೂ ಬಂದಿರಲಿಲ್ಲ. ಅಂಗಳದಿಂದ ಹಾಲಿಗೆ ಅವಳನ್ನು ವಾಪಸ್ ಕರೆಸಿದ್ದಾರೆ. ಪ್ರತಿ ಬುಧವಾರ ಬೆಳಿಗ್ಗೆ ಮೇಡಂ ಒಂದು ಗಂಟೆ ಮೊದಲೇ ಬರುತ್ತಾರೆ. ಇಬ್ಬರೂ ಟಾರ್ಚು ಹಿಡಿದು ಒಂದೊಂದೇ ಚಿತ್ರದ ಮುಂದೆ ನಿಲ್ಲುತ್ತಾರೆ. ಅವಳು ತೋಳು, ಕಾಜ, ಅಂಚು ನೋಡುತ್ತಾಳೆ, ಮೇಡಂ ಬರೆದುಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ಈಗಾಗಲೇ ನಲವತ್ತು ಪುಟ ತುಂಬಿದೆ. ವೈದ್ಯನ ಮೇಲಂಗಿ ಅವನದಲ್ಲ, ಯಾರದೋ ತೆಳ್ಳಗಿನವರದ್ದನ್ನು ಕೇಳಿ ತಂದದ್ದು ಎಂಬ ಮಾಹಿತಿ ಹದಿನೆಂಟನೇ ಪುಟದಲ್ಲಿದೆ.

ಮತ್ತೇನಾದರೂ ಆಸೆ ಉಂಟೇ ಎಂದು ಕೇಳಿದರೆ ಧೂಳಕ್ಕ ಬ್ರಷ್ಷಿನ ಹಿಡಿಯಿಂದ ಹಾಲಿನ ಹೊರಗೆ, ಮೆಟ್ಟಿಲ ಮೇಲಿನ ಎತ್ತರದ ಗೋಡೆಯ ಕಡೆ ತೋರಿಸುತ್ತಾಳೆ. ಅಲ್ಲಿ, ಮೂರಾಳು ಎತ್ತರದಲ್ಲಿ, ಒಂಬತ್ತು ಚಿತ್ರಗಳಿವೆ. ಅಷ್ಟುದ್ದದ ಏಣಿ ಹತ್ತಲು ಅವಳಿಗೆ ಅನುಮತಿ ಇಲ್ಲ. ವರ್ಷಕ್ಕೊಮ್ಮೆ ದೀಪ ಬದಲಿಸುವವರೇ ಅವುಗಳ ಧೂಳನ್ನೂ ಹೊಡೆದು ಇಳಿಯುತ್ತಾರೆ.

"ಏಣಿ ಹತ್ತೋ ತರಬೇತಿ ಕೊಡ್ತಾರಂತೆ, ಬರೋ ತಿಂಗಳು. ನಾನೂ ಹೆಸರು ಕೊಟ್ಟಿದೀನಿ" ಎನ್ನುತ್ತ ಅವಳು ಕತ್ತೆತ್ತಿ ಕಣ್ಣು ಕಿರಿದು ಮಾಡುತ್ತಾಳೆ. "ಆ ಮೂರನೆಯವನಿದಾನಲ್ಲ, ಅರಸನ ಕೈಯಿಂದ ದಂಡ ತಗೊಳ್ತಿರೋನು. ಅವನ ಕಂಕುಳ ಹತ್ರ ಹೊಲಿಗೆ ಬಿಟ್ಟಿರೋ ಹಾಗೆ ಕೆಳಗಿಂದ್ಲೇ ಕಾಣುತ್ತೆ. ಅಷ್ಟು ದೊಡ್ಡ ದಿನ ಹಂಗೇ ಯಾಕೆ ಬಂದ ಅಂತ ಒಂದ್ಸಲ ಹತ್ರ ಹೋಗಿ ನೋಡ್ಬೇಕು. ಅಷ್ಟೇ."